ಅಲೆಗೆ ತಕ್ಕ ದಾರ

ಮೇಜರ್ ಅಯ್ಯ ದಾರದ ಮೂರು ರೀಲುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು, ಕೊಡೈಕಾನಲ್‌ನಿಂದ ಇಳಿಯುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟಿದ್ದರು. ಡಬ್ಬಿಯೊಳಗೆ ಒಂದು ಚೀಟಿ. ನನ್ನ ಗಂಡ ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಮೂರನೇ ಸಲ ನನಗೆ ಕೇಳುವ ಹಾಗೆ ಓದಿದರು. ‘ಪಾಂಡಿಯರಾಜನ್, ಬುಧವಾರ ಬೆಳಿಗ್ಗೆ ದಿಂಡಿಗಲ್ ಬಸ್ ಸ್ಟ್ಯಾಂಡಿನಲ್ಲಿ ಜೀಪು ನಿಂತಿರುತ್ತದೆ. ಹೊರದೇಶದ ಇಬ್ಬರು ಕಡಲಲ್ಲಿ ಮೀನು ಹಿಡಿಯಬೇಕಂತೆ. ನಾಲ್ಕು ದಿನ ನೀನು ಅವರ ಜೊತೆ ಅಲೆಯಲ್ಲಿ ನಿಲ್ಲಬೇಕು. ಮೂರು ದಾರ ಕಳಿಸಿದ್ದೇನೆ. ಅಲೆಗೆ ಯಾವುದು ತಕ್ಕದ್ದು ಅಂತ ಹಾಕಿ ನೋಡಿಕೊಂಡು ಬಾ.’

‘ಅಲೆಯಲ್ಲಿ ನಿಲ್ಲಬೇಕು’ ಅನ್ನುವುದನ್ನು ಮಾತ್ರ ನಾನು ಇನ್ನೊಂದು ಸಲ ಓದಿಸಿದೆ. ನಮ್ಮ ಕಾಮಯಗೌಂಡನ್‌ಪಟ್ಟಿಯಲ್ಲಿ ನೀರೆಂದರೆ ಬಾವಿ, ಕಾಲುವೆ, ಮಳೆ ಹಿಡಿದರೆ ಹೊಳೆ. ಕಡಲನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟರೆ ನೋಡಿದವಳಲ್ಲ. ಅವರೂ ಅಷ್ಟೇ. ಬಾವಿಯಲ್ಲಿ ಈಜುತ್ತಾರೆ, ಮೇಲಿಂದ ತಲೆಕೆಳಗಾಗಿ ಹಾರುತ್ತಾರೆ, ಅದು ಬೇರೆ. ಬಾವಿಯ ನೀರು ನಿಂತಲ್ಲೇ ಇರುತ್ತದೆ. ಯಾರ ಕಾಲನ್ನೂ ಎಳೆಯುವುದಿಲ್ಲ.

ಅವರು ಈ ಕೆಲಸಕ್ಕೆ ಬಿದ್ದದ್ದೇ ಒಂದು ವಿಚಿತ್ರ. ಹದಿನಾಲ್ಕು ವರ್ಷ ನಾವಿಬ್ಬರೂ ದ್ರಾಕ್ಷಿ ಚಪ್ಪರಕ್ಕೆ ತಂತಿ ಎಳೆಯುತ್ತಿದ್ದವರು. ಅದು ಜೋಡಿ ಕೆಲಸ. ನಾನು ಆಚೆ ಕಲ್ಲುಕಂಬದ ಹತ್ತಿರ ತಂತಿಯ ತುದಿ ಹಿಡಿದಿರಬೇಕು. ಅವರು ಮಿಕ್ಕ ತಂತಿಯನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು, ಮೈಭಾರವನ್ನೆಲ್ಲಾ ಹಿಂದಕ್ಕೆ ಬಿಟ್ಟು, ಹಿಮ್ಮಡಿಯಲ್ಲಿ ನೆಲ ತಡವುತ್ತಾ ಹಿಂದೆ ಹಿಂದೆ ನಡೆಯಬೇಕು. ತಿರುಗಿ ನೋಡಬಾರದು. ನೋಡಿದರೆ ಮೈ ಸಡಿಲಾಗಿ ತಂತಿ ಜೋಲುತ್ತದೆ. ಎರಡು ವರ್ಷದ ಹಿಂದೆ ಮೇಜರ್ ಅಯ್ಯ ಕೊಡೈಕಾನಲ್‌ನ ತಮ್ಮ ಲಾಡ್ಜಿನ ತೋಟಕ್ಕೆ ತಂತಿಬೇಲಿ ಹಾಕಿಸಲು ಇವರನ್ನು ಕರೆಸಿಕೊಂಡರು. ಇವರು ತಂತಿಯ ಸುರುಳಿಯನ್ನು ಬೀಸಿ ದೂರದ ಕಂಬದ ಮೇಲಿಂದ ದಾಟಿಸುವುದನ್ನು ನೋಡಿದ ಅಯ್ಯ, ಬೇಲಿ ಮುಗಿದ ಮೇಲೂ ಬಿಡಲಿಲ್ಲ. ಕೈಗೆ ಮೀನು ಹಿಡಿಯುವ ಒಂದು ಸಣ್ಣ ಕೋಲು ಕೊಟ್ಟು, ‘ಇದನ್ನು ಬೀಸು’ ಅಂದರಂತೆ.

ಈ ಮೀನುಗಾರಿಕೆಯಲ್ಲಿ ಗಾಳಕ್ಕೆ ಭಾರವೇ ಇಲ್ಲ. ಕೋಳಿಪುಕ್ಕ ಕಟ್ಟಿ ಹುಳದ ಹಾಗೆ ಮಾಡಿದ ಗಾಳ, ಊದಿದರೆ ಹಾರುತ್ತದೆ. ಭಾರವೆಲ್ಲಾ ದಾರದಲ್ಲಿ. ದಾರವನ್ನು ಬೀಸಬೇಕು, ಹುಳ ಅದರ ಹಿಂದೆ ಹೋಗುತ್ತದೆ. ಹುಳ ಕಟ್ಟುವುದನ್ನು ಅಯ್ಯನೇ ನನಗೂ ಕಲಿಸಿದರು. ಬೆಳಿಗ್ಗೆ ತೋಟದ ಕೆಲಸ, ಸಂಜೆ ಹುಳ. ಬೆಟ್ಟದ ಮೇಲಿನ ಕೆರೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಅವರು ಲಾಡ್ಜಿಗೆ ಬಂದವರಿಗೆ ಮೀನು ಹಿಡಿಸುತ್ತಿದ್ದಷ್ಟು ದಿನ ನನಗೂ ಹೆದರಿಕೆ ಇರಲಿಲ್ಲ.

“ಓಗಲೇಬೇಕಾ?” ಅಂತ ಕೇಳಿದೆ.

“ಈ ದೊರೆಗಳು ಮೆಚ್ಚಿದ್ರೆ ವರ್ಸಕ್ಕೆ ಮೂರು ಸಲ ಬತ್ತಾರಂತೆ. ಕೆಲ್ಸ ನಿಂತ್ಕಂತೈತೆ” ಅಂದರು. ಅಷ್ಟರಲ್ಲಿ ನಮ್ಮ ಸರಣ್ಯಾ ಡಬ್ಬಿಯ ಹತ್ತಿರ ಬಂದು ಕೂತು, “ಅಪ್ಪಾ, ಶಂಖ ತತ್ತೀಯಾ? ದೊಡ್ಡದು?” ಅಂದಳು. ಆರು ವರ್ಷದವಳಿಗೆ ಕಡಲೆಂದರೆ ಶಂಖ. “ತತ್ತೀನಿ ಕಣೇ” ಅಂದರು. ಅಲ್ಲಿಗೆ ತೀರ್ಮಾನವಾಗಿಹೋಯಿತು.

ಅಲೆ ಎಲ್ಲಿಂದ ತರುವುದು? ಅದಕ್ಕೆ ಅವರು ಹೇಳಿದ್ದು ವೈಗೈ ಅಣೆಕಟ್ಟಿನ ನೀರು. ತೊಂಬತ್ತೆಂಟರ ಆಡಿ ತಿಂಗಳು, ಆಷಾಢ, ಅದು. ಆಡಿ ಗಾಳಿ ಕೇರಳದ ಬೆಟ್ಟ ಹತ್ತಿ ನಮ್ಮ ಕಣಿವೆಗೆ ಇಳಿದರೆ ಬಾಳೆಗಿಡಗಳೆಲ್ಲಾ ಹರಿದ ಚಿಂದಿಯಾಗುತ್ತವೆ. ಆ ಗಾಳಿ ಅಣೆಯ ನೀರನ್ನು ಆಂಡಿಪಟ್ಟಿ ಕಡೆಯ ದಡಕ್ಕೆ ತಂದು ತಂದು ಬಡಿಯುತ್ತದೆ. ಅಲ್ಲಿ ಅವರ ಸೋದರತ್ತೆ ಪೊನ್ನುತಾಯಿಯ ಮನೆ. ಅತ್ತೆಯ ಯಜಮಾನರು ಅಣೆಯಲ್ಲಿ ಬಲೆ ಹಾಕುವವರು.

ಭಾನುವಾರ ಬೆಳಿಗ್ಗೆ ಸರಣ್ಯಾಳನ್ನು ನಮ್ಮಮ್ಮನ ಹತ್ತಿರ ಬಿಟ್ಟು, ತೇನಿಯಲ್ಲಿ ಬಸ್ಸು ಬದಲಾಯಿಸಿ ಹೋದೆವು. ನಾನು ಯಾಕೆ ಹೋದೆ ಅಂದರೆ, ಹುಳ ಕಟ್ಟಿಕೊಡಲು ಅಂತ ಹೇಳಿದ್ದೆ. ನಿಜ ಅದಲ್ಲ. ಅವರ ಕಾಲ ಕೆಳಗಿನ ನೀರನ್ನು ನನ್ನ ಕಣ್ಣಲ್ಲೇ ನೋಡಬೇಕಿತ್ತು.

ಪೊನ್ನುತಾಯಿ ಅತ್ತೆ ಬಾಗಿಲಲ್ಲೇ ಹಿಡಿದುಕೊಂಡಳು.

“ಏನ್ಲಾ ಪಾಂಡೀ, ಕೋಳಿಪುಕ್ಕ ತಗಂಡು ಮೀನ್ ಹಿಡಿಯಾಕೆ ಬಂದೀಯಂತೆ? ನಮ್ಮ ಮೀನ್ಗೆ ಅಷ್ಟು ಬುದ್ಧಿ ಇಲ್ವಾ?”

“ಸುಮ್ಕಿರಿ ಅತ್ತೆ. ಇದು ಸುಮ್ನೆ ಓಗಿ ಬರೋ ಕೆಲ್ಸ ಅಲ್ಲ, ಕಲೀಬೇಕು.”

“ಕಲ್ತು ಕಲ್ತು ಏನ್ ಹಿಡ್ದೆ? ಬೆಟ್ಟದ್ ಮೇಲೆ ನಾಕು ಬೆರಳುದ್ದದ್ದು. ನಿಮ್ಮ ಮಾವ ಬೆಳಿಗ್ಗೆ ಅರವತ್ತು ಕಿಲೋ ತಗಂಡು ಆಂಡಿಪಟ್ಟಿಗೆ ಓದ್ರು, ಪುಕ್ಕ ಇಲ್ದೆ.” ಆಮೇಲೆ ನನ್ನ ಕಡೆ ತಿರುಗಿ, “ಜೆಯಂತಿ, ನೀನಾರ ಏಳ್ಬಾರ್ದಾ ತಾಯಿ? ತುಂಬಾ ಇಳ್ದೋಗಿದ್ದೀಯ. ನಿದ್ದೆ ಗಿದ್ದೆ ಮಾಡ್ತೀಯೋ ಇಲ್ವೋ?”

ನಾನು ನಕ್ಕೆ. ನಕ್ಕರೂ ನನ್ನ ಹೆದರಿಕೆ ಅತ್ತೆಗೆ ಗೊತ್ತಾಯಿತು. ನನ್ನ ಕೈ ಹಿಡಿದುಕೊಂಡೇ ದಡಕ್ಕೆ ಕರೆದುಕೊಂಡು ಹೋದಳು.

ದಡಕ್ಕೆ ಬಂದಾಗ ನನಗೆ ಮೊದಲು ಕೇಳಿದ್ದು ಸದ್ದು. ನೀರು ಕಲ್ಲಿಗೆ ಬಡಿದು, ಜಲ್ಲಿಯನ್ನು ಎಳೆದುಕೊಂಡು ಹಿಂದೆ ಹೋಗಿ, ಮತ್ತೆ ಬರುವ ಸದ್ದು. ನೀರಿನ ಬಣ್ಣ ಮಣ್ಣಿನದು. ಒಳಗೆ ಏನಿದೆ ಅಂತ ಒಂದು ಗೇಣೂ ಕಾಣುವುದಿಲ್ಲ.

“ಇಲ್ನೋಡು ಪಾಂಡಿ, ಆಟ ಆಮೇಲೆ” ಅಂದಳು ಅತ್ತೆ. ದನಿ ಬೇರೆಯಾಗಿತ್ತು. “ಅಣೆ ಕಟ್ಟಾಕೆ ಮುಂಚೆ ಇದೆಲ್ಲಾ ತೋಟ. ಈ ಮೊಂಡು ಮರ ಐತಲ್ಲಾ, ಇಲ್ಲಿಂದ ನೆಟ್ಟಗೆ ನೀರೊಳಕ್ಕೆ ಒಂದು ಬದು ಓಗ್ತೈತೆ. ತೊಡೆ ಮಟ್ಟ ನೀರು. ಬಲೆ ಆಕೋರೆಲ್ಲಾ ಅದ್ರ ಮ್ಯಾಲೇ ನಿಲ್ಲೋದು. ಬದು ಬಿಟ್ಟು ಎಡಕ್ಕೆ ಮಾತ್ರ ಓಗ್ಬ್ಯಾಡ. ಅಲ್ಲಿ ಬಾವಿ ಐತೆ. ನಮ್ಮ ಮಾವನೋರ ಬಾವಿ. ಚಿತ್ತಿರೈ ಬೇಸ್ಗೇಲಿ ನೀರಿಳಿದ್ರೆ ಕಟ್ಟೆ ಕಲ್ಲು ಕಾಣ್ತೈತೆ. ಈಗ ಕಾಣಾಕಿಲ್ಲ.”

“ಗುರ್ತಿಗೆ ಏನೂ ಇಲ್ವಾ ಅತ್ತೆ?” ನಾನು ಕೇಳಿದೆ.

“ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ವಿ. ಗಾಳಿ ತಗಂಡೋಯ್ತು.”

ಎಡಕ್ಕೆ ನೋಡಿದೆ. ನೀರು ಎಲ್ಲ ಕಡೆಯಂತೆಯೇ ಇತ್ತು. ಒಂದೇ ಬಣ್ಣ, ಒಂದೇ ಅಲೆ. ಎಲ್ಲೋ ಅದರ ಕೆಳಗೆ ಬಾಯಿ ತೆರೆದುಕೊಂಡು ಒಂದು ಬಾವಿ ಕೂತಿದೆ ಅನ್ನುವುದನ್ನು ನೆನೆದರೆ ನನ್ನ ಪಾದವೇ ಜುಮ್ಮೆನ್ನುತ್ತಿತ್ತು.

“ಗೊತ್ತಾಯ್ತು. ಎಡಕ್ಕೆ ಓಗಾಕಿಲ್ಲ” ಅಂದರು ಅವರು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ನಾನು ಮೊಂಡು ಮರದ ಬುಡದಲ್ಲಿ ಕೂತು ದಾರದ ತುದಿಗೆ ಹುಳ ಗಂಟುಹಾಕಿದೆ. ಗಾಳಿಗೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹುಳ ಕಟ್ಟುವ ಪುಟ್ಟ ಕತ್ತರಿಯಿಂದ ಮಿಕ್ಕ ಎಳೆ ಕತ್ತರಿಸಿ, ಕತ್ತರಿಯನ್ನು ರವಿಕೆಯ ಪಿನ್ನಿಗೆ ಸಿಕ್ಕಿಸಿಕೊಂಡೆ. ಮೊದಲ ದಾರ ಹಾಲಿನ ಕೆನೆ ಬಣ್ಣದ್ದು, ನೀರಿನ ಮೇಲೆ ತೇಲುವಂಥದ್ದು. ಬೆಟ್ಟದ ಕೆರೆಯಲ್ಲಿ ಅವರು ಬೀಸುತ್ತಿದ್ದುದು ಇದನ್ನೇ.

ಅವರು ಬದುವಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನಲವತ್ತು ಹೆಜ್ಜೆ ಒಳಕ್ಕೆ ಹೋದರು. ನಾನು ಹೆಜ್ಜೆ ಎಣಿಸುತ್ತಿದ್ದೆ. ನೀರು ತೊಡೆಗೆ ಬಂತು. ಅಲೆ ಬಂದಾಗ ಸೊಂಟ. ಕೋಲು ಎತ್ತಿ ಹಿಂದಕ್ಕೆ, ಮುಂದಕ್ಕೆ ಬೀಸಿದರು. ಎದುರು ಗಾಳಿಯಲ್ಲೂ ದಾರ ನೆಟ್ಟಗೆ ಹೋಯಿತು. ಅದನ್ನು ನೋಡಲು ಚೆಂದ, ಅದು ಸುಳ್ಳಲ್ಲ. ಆದರೆ ನೀರಿಗೆ ಬಿದ್ದದ್ದೇ ಅಲೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ವಾಪಸ್ ತಂದಿತು. ಒಂದು ಅಲೆ ಈ ಕಡೆ ದೂಡಿದರೆ ಇನ್ನೊಂದು ಆ ಕಡೆ. ದಾರ ಹಾವಿನ ಹಾಗೆ ಸೊಟ್ಟಸೊಟ್ಟ. ಇವರು ಎಳೆದು ಎಳೆದು ಬಿಟ್ಟ ದಾರವೆಲ್ಲಾ ಸುರುಳಿ ಸುರುಳಿಯಾಗಿ ಅವರ ಮೊಣಕಾಲಿಗೇ ಬಂದು ಸುತ್ತಿಕೊಳ್ಳುತ್ತಿತ್ತು. ಬಗ್ಗಿ ಬಿಡಿಸಿಕೊಳ್ಳುವರು, ಅಷ್ಟರಲ್ಲಿ ಇನ್ನೊಂದು ಅಲೆ ಮುಖಕ್ಕೆ.

ಅರ್ಧ ಗಂಟೆ ಹೀಗೇ ಒದ್ದಾಡಿ ದಡಕ್ಕೆ ಬಂದರು.

“ಇದು ಆಗಾಕಿಲ್ಲ. ಮೀನ್ ಕಚ್ಚಿದ್ರೂ ಗೊತ್ತಾಗಾಕಿಲ್ಲ. ಎಲ್ಲಾ ಸಡ್ಲ.”

“ಕಾಲ್ಗೆ ಸುತ್ಕೊಳ್ತಿತ್ತು” ಅಂದೆ.

“ಅದೇನ್ ದೊಡ್ದು. ಮುಂದ್ಲ ದಾರಕ್ಕೆ ದಾರಿ ಮಾಡ್ಕಂತೀನಿ.”

ದಾರಿ ಯಾವುದು ಅಂತ ಕೇಳಲಿಲ್ಲ. ಕೇಳಬೇಕಿತ್ತು. ಎರಡನೇ ದಾರ ಕಪ್ಪು. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತಿತ್ತು. ಹಾಕಿದ ಕೂಡಲೇ ತಳಕ್ಕೆ ಇಳಿಯುವ ಜಾತಿ. ಅದನ್ನು ತೆಗೆದುಕೊಂಡು ಮತ್ತೆ ಬದುವಿನ ಮೇಲೆ ಹೋದರು. ನಲವತ್ತನೇ ಹೆಜ್ಜೆಗೆ ನಿಂತು, ರೀಲಿನಿಂದ ಬಿಚ್ಚಿದ ಸಡಿಲ ದಾರವನ್ನು ಸೊಂಟಕ್ಕೆ ಸುತ್ತಿಕೊಳ್ಳುವುದು ಕಂಡಿತು. ಒಂದು ಸುತ್ತು, ಎರಡು ಸುತ್ತು. ಹದಿನಾಲ್ಕು ವರ್ಷ ದಿನಾ ನೋಡಿದ್ದು. ಅದಕ್ಕೇ ನನಗೂ ತಪ್ಪು ಅನ್ನಿಸಲಿಲ್ಲ. ಕಾಲಿಗೆ ಸುತ್ತಿಕೊಳ್ಳುವುದಕ್ಕಿಂತ ವಾಸಿ ಅಂದುಕೊಂಡೆ.

ಎರಡು ಸಲ ಬೀಸಿದರು, ಎರಡು ಸಲ ಎಳೆದುಕೊಂಡರು. ಮೂರನೇ ಸಲ ಕೋಲು ಬಾಗಿತು.

“ಹಿಡೀತು!” ಅಂತ ಅವರು ಕೂಗಿದ್ದು ಗಾಳಿಯ ಜೊತೆ ನಮ್ಮ ಕಡೆಗೆ ಚೆನ್ನಾಗಿ ಬಂತು.

“ಅಡ, ಪುಕ್ಕಕ್ಕೆ ಬಿತ್ತಲ್ಲೇ!” ಅತ್ತೆ ಎದ್ದು ನಿಂತಳು.

ಅದು ಮೀನಲ್ಲ. ನೀರ ಕೆಳಗೆ ಯಾವ ಕಾಲದ್ದೋ ತೆಂಗಿನ ಬೊಡ್ಡೆ ಇತ್ತಂತೆ, ದಾರ ಅದಕ್ಕೆ ಸಿಕ್ಕಿಕೊಂಡಿತ್ತು. ಆದರೆ ಅಲೆ ದಾರವನ್ನು ಎತ್ತಿ ಇಳಿಸುತ್ತಿದ್ದುದರಿಂದ ಅವರ ಕೈಗೆ ಅದು ಜೀವ ಇರುವಂಥದ್ದರ ಎಳೆತದಂತೆ ಗೊತ್ತಾಗಿರಬೇಕು. ಬಿಗಿಯಾದ ಎಳೆ ಸೊಂಟದಲ್ಲಿ, ಎದುರಿಗೆ ಎಳೆಯುವ ಭಾರ. ಮೈ ತನಗೆ ಗೊತ್ತಿದ್ದನ್ನು ಮಾಡಿತು. ಅವರು ಬೆನ್ನು ಹಿಂದಕ್ಕೆ ಬಿಟ್ಟು, ಹಿಮ್ಮಡಿಯಿಂದ ತಡವುತ್ತಾ, ಹಿಂದೆ ಹಿಂದೆ ನಡೆಯತೊಡಗಿದರು.

ಚಪ್ಪರದ ಕೆಳಗೆ ಕಂಬದಿಂದ ಕಂಬಕ್ಕೆ ಸಾಲು ಇರುತ್ತದೆ. ಇಲ್ಲಿ ಸಾಲಿಲ್ಲ. ದಾರ ಬಲಕ್ಕೆ ಸಿಕ್ಕಿತ್ತು, ಅದಕ್ಕೆ ನೇರವಾಗಿ ಹಿಂದೆ ಬಂದರೆ ಎಡಕ್ಕೇ ಬರಬೇಕು.

“ಎಡಕ್ಕೆ ಬರ್ತಾವ್ನೆ” ಅಂದಳು ಅತ್ತೆ, ಮೆಲ್ಲಗೆ. ನಂಬಲಿಕ್ಕೆ ಆಗದವಳ ಹಾಗೆ.

ನಾನು ಕೂಗಿದೆ. ಗಾಳಿ ಆ ಕೂಗನ್ನು ನನ್ನ ಬಾಯೊಳಕ್ಕೇ ತುರುಕಿತು. ಅತ್ತೆ ಕೂಗಿದಳು, ಸೆರಗು ಬೀಸಿದಳು. ಅವರು ನಮ್ಮ ಕಡೆಗೆ ಬೆನ್ನು ಹಾಕಿದ್ದರು. ತಿರುಗಿ ನೋಡಬಾರದು, ಅದೇ ಅಲ್ಲವೇ ಕಲಿತದ್ದು? ಒಂದು ಹೆಜ್ಜೆ. ಇನ್ನೊಂದು. ನಾನು ನೀರಿಗೆ ಇಳಿದಾಗಿತ್ತು. ಅವರ ತಲೆಗೆ ಕಟ್ಟಿದ ಹಸಿರು ಟವೆಲ್ಲನ್ನೇ ನೋಡುತ್ತಾ ಓಡುತ್ತಿದ್ದೆ, ನೀರಲ್ಲಿ ಓಡಲು ಎಲ್ಲಾಗುತ್ತದೆ. ಮತ್ತೊಂದು ಹೆಜ್ಜೆ ಇಟ್ಟರು.

ಆಮೇಲೆ ಟವೆಲ್ ಇರಲಿಲ್ಲ.

ಸದ್ದೂ ಆಗಲಿಲ್ಲ. ಕೋಲಿನ ತುದಿ ಒಂದು ಗೇಣು ಹೊರಗಿತ್ತು, ಅದೂ ಮುಳುಗಿತು. ಅಲೆ ಅದರ ಮೇಲೆ ಏನೂ ಆಗದ ಹಾಗೆ ಸಾಗಿಹೋಯಿತು.

ಈಜು ಬರುತ್ತದೆ, ಬಾವಿಯಲ್ಲಿ ಆಡಿ ಬೆಳೆದವರು, ಮೇಲೆ ಬರುತ್ತಾರೆ. ಹಾಗಂತ ನಾನು ಹೇಳಿಕೊಳ್ಳುತ್ತಿದ್ದೆ, ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದೆ ಅಂತ ಆಮೇಲೆ ಅತ್ತೆ ಹೇಳಿದಳು. ಮೇಲೆ ಬಂದರು. ಮುಖ ಮಾತ್ರ ಬಂತು, ಬಾಯಿ ತೆರೆದುಕೊಂಡು, ಮತ್ತೆ ಹೋಯಿತು. ಕೈ ಬಡಿಯುತ್ತಿದ್ದರು. ಕಾಲು ಬಡಿಯುತ್ತಿರಲಿಲ್ಲ.

“ಜೆಯಂತೀ, ನಿಲ್ಲೇ! ನೀನೂ ಬೀಳ್ತೀಯ!” ಅತ್ತೆ ಹಿಂದಿನಿಂದ ಬಂದು ನನ್ನ ಸೀರೆಯ ಸೆರಗನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. “ಕಾಲಲ್ಲಿ ತಡವ್ಕಂಡು ಓಗು. ಕಲ್ಲು ಸಿಗ್ತೈತೆ. ಕಲ್ಲು ಸಿಕ್ಕಿದ್ರೆ ಅಲ್ಲೇ ಕೂರು. ದಾಟಬ್ಯಾಡ.”

ಬದುವಿನಿಂದ ಕೆಳಗೆ ಇಳಿದೆ. ಕೆಸರು ಮೊಣಕಾಲವರೆಗೆ ಹಿಡಿದುಕೊಂಡಿತು. ಬಲಗಾಲಿನ ಹೆಬ್ಬೆರಳು ಮುಂದೆ ಚಾಚಿ ಚಾಚಿ ಹೋದೆ. ಕೆಸರು, ಕೆಸರು, ಮತ್ತೆ ಕೆಸರು. ಆಮೇಲೆ ತಣ್ಣಗೆ ನುಣ್ಣಗೆ ಕಲ್ಲು. ಅದರಾಚೆ ಬೆರಳು ಚಾಚಿದರೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದರ ತಣುಪು ನನ್ನ ಬೆರಳಿಗೆ ಈಗಲೂ ನೆನಪಿದೆ. ಕಲ್ಲಿನ ಮೇಲೆ ಮಂಡಿಯೂರಿ ಕೂತೆ. ನೀರು ಗಂಟಲಿಗೆ ಬಂತು. ಅಲೆ ಬಂದಾಗ ತಲೆ ಮುಳುಗುತ್ತಿತ್ತು. ಅಲೆ ಹೋದಾಗ ಅವರ ತಲೆ ಒಂದು ಕೈಯಳತೆ ದೂರದಲ್ಲಿ ಎದ್ದಿತು. ಕೂದಲು ಹಿಡಿದೆ.

“ಕಾಲು...” ಅಂದರು, ನೀರು ಉಗುಳುತ್ತಾ. “ಕಾಲ್ಗೆ ಸುತ್ಕಂಡೈತೆ. ಸೊಂಟ ಎಳೀತೈತೆ.”

ಬಿಗಿಯಾದ ದಾರ ಒಂದು ಕಡೆ ಬೊಡ್ಡೆಗೆ, ಒಂದು ಕಡೆ ಸೊಂಟಕ್ಕೆ. ಪ್ರತಿ ಅಲೆಗೂ ಅದು ಅವರನ್ನು ಕೆಳಕ್ಕೆ ಜಗ್ಗುತ್ತಿತ್ತು. ಬಿದ್ದಾಗ ಬಿಚ್ಚಿಕೊಂಡ ಸುರುಳಿ ಎರಡೂ ಕಾಲನ್ನು ಕಟ್ಟಿಹಾಕಿತ್ತು. ಎಡಗೈಯಲ್ಲಿ ಕೂದಲು ಹಿಡಿದುಕೊಂಡೇ ಬಲಗೈಯಲ್ಲಿ ಪಿನ್ನಿನಿಂದ ಕತ್ತರಿ ಕಿತ್ತೆ. ರವಿಕೆ ಹರಿಯಿತು.

ಅವರಿಗೆ ಕತ್ತರಿ ಕಂಡಿತು. “ಬ್ಯಾಡ! ಕತ್ರಿಸ್ಬ್ಯಾಡ! ಅಯ್ಯನ ದಾರ!”

ನನ್ನ ಗಂಡನಿಗೆ ನಾನು ಒಂದು ದಿನವೂ ಏಕವಚನ ಆಡಿದವಳಲ್ಲ. “ನಿನ್ನ ಅಯ್ಯನ ಮೂತಿಗೆ ಬೆಂಕಿ ಆಕ! ಬಾಯ್ಮುಚ್ಚೋ!” ಅಂದೆ. ಅಂದು ಕೈಯನ್ನು ನೀರೊಳಕ್ಕೆ ಇಳಿಸಿ, ತಂತಿಯಂತೆ ನಡುಗುತ್ತಿದ್ದ ದಾರವನ್ನು ಹುಡುಕಿ ಕತ್ತರಿಸಿದೆ. ಪಟ್ ಅಂತ ಅವರ ಮೈ ಸಡಿಲಾಗಿ ನನ್ನ ಕಡೆಗೆ ತೇಲಿತು. ಹಿಂದಿನಿಂದ ಅತ್ತೆ ಎಳೆದಳು. ಮೂವರೂ ಒಬ್ಬರ ಮೇಲೊಬ್ಬರು ಕೆಸರಿನಲ್ಲಿ ಬಿದ್ದು, ಎದ್ದು, ಬದುವಿಗೆ ಬಂದೆವು. ಕೋಲು ಮಾತ್ರ ಅವರ ಕೈಯಲ್ಲೇ ಇತ್ತು. ಅದನ್ನು ಬಿಟ್ಟಿರಲಿಲ್ಲ ಪುಣ್ಯಾತ್ಮ.

ದಡದಲ್ಲಿ ಅವರು ಕವುಚಿ ಬಿದ್ದು ನೀರು ಕಕ್ಕಿದರು. ಅತ್ತೆ ಅವರ ಬೆನ್ನು ತಟ್ಟುತ್ತಾ ಅವರ ಹುಟ್ಟಿನಿಂದ ಇಲ್ಲಿಯವರೆಗಿನ ದಡ್ಡತನವನ್ನೆಲ್ಲಾ ಒಂದೊಂದಾಗಿ ಬೈದಳು. ಬೈಯುತ್ತಾ ಅಳುತ್ತಿದ್ದಳು. ನಾನು ಅವರ ಕಾಲಿನ ಸುರುಳಿ ಬಿಡಿಸಿದೆ. ಸೊಂಟದ ಸುತ್ತ ಅಂಗಿ ಹರಿದು, ಚರ್ಮ ಬಿರಿದು, ಕೆಂಪಗೆ ಒಂದು ಗೆರೆ. ತೆಂಗಿನಕಾಯಿಗೆ ಹಗ್ಗ ಕಟ್ಟಿದ ಹಾಗೆ.

ಸೀಮೆಎಣ್ಣೆ ಒಲೆಯ ಮೇಲೆ ಅತ್ತೆ ಕಾಯಿಸಿ ತಂದ ಶುಂಠಿ ಕಾಫಿ ಕುಡಿದ ಮೇಲೆ ಅವರ ಹಲ್ಲಿನ ಕಟಕಟ ನಿಂತಿತು.

“ಈಗ್ಲೂ ಓಗ್ತೀರಾ ಕಡಲಿಗೆ?” ಅಂದೆ.

ಅವರು ಕೋಲಿನ ಕೆಸರು ಒರೆಸತೊಡಗಿದರು.

“ಕೇಳ್ತಾ ಇದ್ದೀನಿ.”

“ಶಂಖ ತತ್ತೀನಿ ಅಂದಿದ್ದೀನಿ ಮಗೀಗೆ.”

ಅತ್ತೆಗೆ ನಗು ತಡೆಯಲಾಗಲಿಲ್ಲ. “ಲೇ, ಆಂಡಿಪಟ್ಟಿ ಅಂಗ್ಡೀಲಿ ಸಿಗ್ತೈತೆ ಕಣೋ ಶಂಖ. ಕಲರ್ ಬೇರೆ ಬಳ್ದಿರ್ತಾರೆ.” ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಕಳಿಸ್ಬ್ಯಾಡ” ಅಂದಳು. ಅದು ನಗುವ ದನಿಯಲ್ಲ.

ಕಳಿಸಬೇಡ. ಹೇಳುವುದು ಸುಲಭ. ತಡೆದರೆ ನಿಲ್ಲುವವರಲ್ಲ, ನಿಂತರೂ ನಾಳೆ ಬೇರೆ ಯಾವುದೋ ನೀರಿಗೆ, ಯಾವುದೋ ಬೆಟ್ಟದ ಅಂಚಿಗೆ ಅದೇ ಹಿಮ್ಮಡಿ ಇಟ್ಟುಕೊಂಡು ಹೋಗುವವರು. ಹೋಗುವುದೇ ಆದರೆ ಕೈಯಲ್ಲಿ ಯಾವುದನ್ನು ಹಿಡಿದು ಹೋಗುತ್ತಾರೆ ಅನ್ನುವುದಾದರೂ ನನಗೆ ಗೊತ್ತಿರಬೇಕು. ಡಬ್ಬಿಯಲ್ಲಿ ಇನ್ನೂ ಒಂದು ರೀಲು ಉಳಿದಿತ್ತು. ಪಾಚಿಯ ಬಣ್ಣದ್ದು. ನಾನು ಎದ್ದು ಅದನ್ನು ತಂದು ಅವರ ಮುಂದೆ ಇಟ್ಟೆ.

“ಇದನ್ನ ಈಗ್ಲೇ ಆಕಿ ನೋಡಿ. ನನ್ನ ಮುಂದೆ.”

“ಉಚ್ಚು ಹಿಡೀತಾ ನಿಂಗೆ?” ಅಂದಳು ಅತ್ತೆ.

“ಮೊಣಕಾಲು ನೀರು ದಾಟಾಕಿಲ್ಲ ಅತ್ತೆ. ಈ ಕಡೆ ಬಲಕ್ಕೆ. ನಾನು ಇಂದ್ಗಡೆ ನಿಂತಿರ್ತೀನಿ.”

ಸಡಿಲ ದಾರ ಎಲ್ಲಿಡುವುದು? ಸೊಂಟಕ್ಕೆ ಸುತ್ತುವಂತಿಲ್ಲ, ನೀರಿಗೆ ಬಿಡುವಂತಿಲ್ಲ. ನಾವಿಬ್ಬರೂ ಮುಖ ಮುಖ ನೋಡುವಾಗ ಅತ್ತೆಯೇ ಒಳಗೆ ಹೋಗಿ ಹಳೆ ಸೀರೆಯ ತುಂಡೊಂದನ್ನು ತಂದಳು. ನಿಲಕ್ಕೋಟೈ ಕಡೆ ಮಲ್ಲಿಗೆ ಕೊಯ್ಯುವ ಹೆಂಗಸರು ಹೊಟ್ಟೆಯ ಮುಂದೆ ಕಟ್ಟಿಕೊಳ್ಳುವ ಮಡಿಲು. ಅತ್ತೆ ಮದುವೆಗೆ ಮುಂಚೆ ಹೂ ಕೊಯ್ದವಳು. ಅದನ್ನು ಅವರ ಹೊಟ್ಟೆಗೆ ಕಟ್ಟಿ, ಬಾಯಿ ಅಗಲವಾಗಿ ನಿಲ್ಲಲು ಒಂದು ಬೆತ್ತದ ಬಳೆ ಸೇರಿಸಿ ಹೊಲಿದಳು. “ಎಳ್ದಂಗೆಲ್ಲಾ ಇದ್ರೊಳಕ್ಕೆ ಬಿಡು, ಹೂ ಬಿಟ್ಟಂಗೆ. ಎಲ್ಲೂ ಕಟ್ಬ್ಯಾಡ. ಜಗ್ಗಿದ್ರೆ ಓಗ್ಲಿ ಬಿಡು, ಎದ್ದು ಓಗ್ಲಿ.”

ನೀರಿಗೆ ಇಳಿದೆವು. ನಾನು ಅವರ ಬೆನ್ನ ಹಿಂದೆ, ಪ್ಯಾಂಟಿನ ಬೆಲ್ಟಿಗೆ ಕೈ ಹಾಕಿಕೊಂಡು. ಅಲೆ ಬಂದು ಹೋಗುವಾಗ ಹಿಮ್ಮಡಿಯ ಕೆಳಗಿನ ಮಣ್ಣನ್ನು ಕದ್ದುಕೊಂಡು ಹೋಗುತ್ತದೆ ಅನ್ನುವುದು ನನಗೆ ಆಗ ಗೊತ್ತಾಯಿತು. ನಿಂತೇ ಇದ್ದರೂ ಜಾರುತ್ತಿರುತ್ತೇವೆ.

ಬೀಸಿದರು. ಪಾಚಿ ಬಣ್ಣದ ದಾರ ನೀರಿಗೆ ಬಿತ್ತು, ತೇಲಲಿಲ್ಲ. ಕಪ್ಪು ದಾರದಂತೆ ಮುಳುಗಿಹೋಗಲೂ ಇಲ್ಲ. ನೊರೆಯ ಕೆಳಗೆ ಒಂದು ಗೇಣು ಇಳಿದು ಅಲ್ಲೇ ನಿಂತಿತು. ಅಲೆ ಅದರ ಮೇಲಿಂದ ದಾಟಿಕೊಂಡು ಹೋಯಿತು. ಅವರು ಎಳೆದರು, ಮಡಿಲಿಗೆ ಬಿಟ್ಟರು, ಎಳೆದರು. ಮತ್ತೊಂದು ಅಲೆ ದಾಟಿತು. ದಾರ ನೆಟ್ಟಗೇ ಇತ್ತು.

“ಇಲ್ಲಿ ಬೆರಳಿಡು” ಅಂದರು. ಕೋಲಿನ ಹಿಡಿಯ ಹತ್ತಿರ ದಾರಕ್ಕೆ ಬೆರಳಿಟ್ಟೆ. ಟುಕ್ ಅಂತ ಒಂದು ಬಡಿತ. ಮತ್ತೆ ಟುಕ್. ಸಣ್ಣ ಮೀನು ಹುಳವನ್ನು ಮೂಸುತ್ತಿತ್ತು. ಕಣ್ಣಿಗೆ ಕಾಣದ ನೀರಿನಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು ಈ ದಾರ ಹೇಳುತ್ತಿತ್ತು. ಹೆದರಿಕೆ ಹೋಗಲಿಲ್ಲ. ಆದರೆ ಹೆದರಿಕೆಗೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು.

“ಇದೇ” ಅಂದೆ.

“ಇದೇ” ಅಂದರು.

ಬುಧವಾರ ನಸುಕಿನಲ್ಲೇ ಸರಣ್ಯಾಳನ್ನೂ ಮನೆಯನ್ನೂ ನಮ್ಮಮ್ಮನಿಗೆ ಒಪ್ಪಿಸಿ, ನಾನೂ ದಿಂಡಿಗಲ್‌ಗೆ ಹೋದೆ. ಜೀಪಿನ ಪಕ್ಕದಲ್ಲಿ ಮೇಜರ್ ಅಯ್ಯ ನಿಂತಿದ್ದರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ. ಒಳಗೆ ಬಿಸಿಲಿಗೆ ಕೆಂಪಾಗಿದ್ದ ಇಬ್ಬರು ದೊರೆಗಳು ಬಾಳೆಹಣ್ಣು ತಿನ್ನುತ್ತಿದ್ದರು. ಅಯ್ಯ ಡಬ್ಬಿ ತೆರೆದು ನೋಡಿದರು.

“ಕಪ್ಪು ದಾರ ಅರ್ಧ ಎಲ್ಲಿ?” ತಮಿಳಿನಲ್ಲಿ ಕೇಳಿದರು.

“ಬೊಡ್ಡೆಗೆ ಸಿಕ್ಕಿ ಹೋಯಿತು ಅಯ್ಯಾ. ಕಡಲಿಗೆ ಹಸಿರುದ್ದು ಸರಿ” ಅಂದರು ಇವರು, ಕೈ ಕಟ್ಟಿಕೊಂಡು.

“ಹಸಿರುದ್ದು ನೀರಲ್ಲಿ ಕಾಣುವುದಿಲ್ಲವಲ್ಲಯ್ಯಾ. ಇವರು ಫೋಟೋ ತೆಗೆಯಬೇಕು ಅಂತಾರೆ. ಬಿಳಿದು ಹಾಕು, ಗಾಳಿಯಲ್ಲಿ ಚೆನ್ನಾಗಿ ಕಾಣುತ್ತೆ. ಸ್ವಲ್ಪ ಕಷ್ಟ ಆದರೂ ನೀನು ಸಂಭಾಳಿಸುತ್ತೀಯ.”

ಇವರು “ಸರಿ ಅಯ್ಯಾ” ಅಂದರು. ಅಂದೇಬಿಟ್ಟರು. ಎರಡು ವರ್ಷದಿಂದ ಆ ಮನುಷ್ಯನಿಗೆ ಇವರು ಬೇರೆ ಮಾತು ಆಡಿದ್ದಿಲ್ಲ.

ನನ್ನ ಕಣ್ಣಿಗೆ ಆ ಬಿಳಿ ದಾರ ಅವರ ಮೊಣಕಾಲಿಗೆ ಸುತ್ತಿಕೊಳ್ಳುವುದು ಕಂಡಿತು, ಅವರು ಬೇಸರದಿಂದ ಅದನ್ನು ಎತ್ತಿ ಸೊಂಟಕ್ಕೆ ತರುವುದು ಕಂಡಿತು. ಲಾಡ್ಜಿಗೆ ಹೋದಾಗ ಅಯ್ಯನ ಎದುರು ನಾನು ಯಾವತ್ತೂ ಗಂಡನ ಬೆನ್ನ ಹಿಂದೆ ನಿಂತೇ ಮಾತಾಡಿದವಳು. ಆವತ್ತು ಅವರಿಬ್ಬರ ಮಧ್ಯೆ ಹೋಗಿ ನಿಂತೆ. ಬಸ್ ಸ್ಟ್ಯಾಂಡಿನ ಜನರೆಲ್ಲರ ಎದುರಿಗೆ ನನ್ನ ಗಂಡನ ಅಂಗಿಯನ್ನು ಎದೆಯವರೆಗೆ ಎತ್ತಿದೆ.

ಗೆರೆ ಈಗ ಕಪ್ಪಾಗಿತ್ತು, ಅಂಚಿನಲ್ಲಿ ಹಳದಿ. ದೊರೆಗಳಲ್ಲಿ ಒಬ್ಬ ಬಾಳೆಹಣ್ಣು ಕೆಳಗಿಟ್ಟ.

“ಏನಿದು?” ಅಂದರು ಅಯ್ಯ.

“ದಾರ ಅಯ್ಯಾ” ಅಂದೆ. “ಮೂರು ದಿನದ ಹಿಂದೆ. ಕತ್ತರಿಸಿದವಳು ನಾನು. ಬಿಳಿ ದಾರ ಕಾಲಿಗೆ ಬರುತ್ತೆ. ಕಾಲಿಗೆ ಬಂದರೆ ಇವರು ಸೊಂಟಕ್ಕೆ ಸುತ್ತುತ್ತಾರೆ. ಸುತ್ತಿಕೊಂಡರೆ ಹಿಂದಕ್ಕೆ ನಡೆಯುತ್ತಾರೆ. ಹಸಿರುದ್ದಾದರೆ ಕಳಿಸುತ್ತೇನೆ. ಇಲ್ಲದಿದ್ದರೆ ಕಳಿಸುವುದಿಲ್ಲ.”

ಅಯ್ಯ ಬಗ್ಗಿ ಆ ಗೆರೆಯನ್ನು ನೋಡಿದರು. “ಸೊಂಟಕ್ಕೆ ಸುತ್ತಿಕೊಳ್ಳೋಕೆ ಯಾರಯ್ಯ ನಿನಗೆ ಹೇಳಿದ್ದು?”

“ಯಾರೂ ಹೇಳಲಿಲ್ಲ ಅಯ್ಯಾ. ತಂತಿ ಅಂದರೆ ಹಾಗೇ.”

“ಸುತ್ತಬೇಡ ಅಂತ ನಾನೂ ಹೇಳಲಿಲ್ಲ” ಅಂದರು ಅಯ್ಯ, ತಮಗೇ ಹೇಳಿಕೊಂಡಂತೆ. ಬಿಳಿ ರೀಲನ್ನೂ ಕಪ್ಪು ರೀಲನ್ನೂ ಡಬ್ಬಿಗೆ ಹಾಕಿ ಮುಚ್ಚಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. “ಇದು ನಿನ್ನ ಹತ್ತಿರ ಇರಲಿ ತಾಯಿ.”

ಜೀಪು ಹೋಯಿತು. ಇವರು ಹಿಂದಿನ ಸೀಟಿನಿಂದ ಒಂದು ಕೈ ಎತ್ತಿದರು, ಇನ್ನೊಂದು ಕೈಯಲ್ಲಿ ಮಡಚಿದ ಸೀರೆಯ ತುಂಡು. ಕಡಲ ಕಡೆಯಿಂದ ಫೋನ್ ಮಾಡಲು ನಮ್ಮೂರ ಬೂತಿನ ನಂಬರ್ ಕೊಟ್ಟಿದ್ದೆ. ಗುರುವಾರ ಬರಲಿಲ್ಲ, ಶುಕ್ರವಾರ ಬರಲಿಲ್ಲ, ಶನಿವಾರ ಬೂತಿನವನು ನನ್ನನ್ನು ನೋಡಿದ ಕೂಡಲೇ ತಲೆ ಅಲ್ಲಾಡಿಸಿದ.

ಭಾನುವಾರ ತೋಟದಲ್ಲಿ ಬಳ್ಳಿ ಸವರುವ ಕವಾತಿನ ಕೆಲಸ. ಚಪ್ಪರದ ಕೆಳಗೆ ನಿಂತವರಿಗೆ ಮೇಲೆಲ್ಲಾ ಎಲೆ. ದೂರದಿಂದ ಯಾರಾದರೂ ಬಂದರೆ ಕಾಲು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಮಧ್ಯಾಹ್ನ ರಸ್ತೆಯ ಕಡೆಯಿಂದ ಒಂದು ಜೊತೆ ಕಾಲು ಸಾಲಿನೊಳಕ್ಕೆ ಬಂತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಪಾಪಮ್ಮಾಳ್ ಅಕ್ಕ, “ಯಾರೋ ಬತ್ತಾವ್ರೆ ಜೆಯಂತಿ” ಅಂದಳು. ಸುದ್ದಿ ಹೇಳಲು ಬರುವವರು ಹೀಗೇ ಬರುತ್ತಾರೆ, ನಿಧಾನಕ್ಕೆ, ಪ್ರತಿ ಕಂಬದ ಹತ್ತಿರ ನಿಂತು ನಿಂತು. ನನ್ನ ಕೈಯ ಕೊಂಬೆ ಕೈಯಲ್ಲೇ ಉಳಿಯಿತು. ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು. ಮೀನಖಂಡದ ಮೇಲೆ ಉಪ್ಪು ಬೆಳ್ಳಗೆ ಪೊರೆ ಕಟ್ಟಿತ್ತು. ಬೆರಳುಗಳ ಸಂದಿಯಲ್ಲಿ ನಮ್ಮ ಮಣ್ಣಿನದಲ್ಲದ, ಗೋಧಿ ಬಣ್ಣದ ಮರಳು.

ಆ ಕಾಲು ನನಗೆ ಗೊತ್ತಿತ್ತು. ಮುಖಕ್ಕಾಗಿ ಕಾಯದೆ ಅಲ್ಲೇ ಕೂತುಬಿಟ್ಟೆ.